ತಿಂಗಳ ಸಾಮಾನಿನ ಚೀಟಿಯಲ್ಲಿ ಬರೆಯದ ಒಂದು ವಸ್ತು

ತಿಂಗಳ ಮೊದಲ ವಾರದಲ್ಲಿ ಸಂಬಳವೋ ಪಿಂಚಣಿಯೋ ಕೈಸೇರಿದೊಡನೆ ನಮ್ಮ ಮನೆಗಳಲ್ಲಿ ಸಾಮಾನಿನ ಚೀಟಿ ಸಿದ್ಧವಾಗುತ್ತದೆ. ಅಕ್ಕಿ, ತೊಗರಿಬೇಳೆ, ಕಾಫಿಪುಡಿ, ಮೈಸೋಪು, ಅಜ್ಜನ ರಕ್ತದೊತ್ತಡದ ಮಾತ್ರೆ, ಅಜ್ಜಿಯ ಮಂಡಿನೋವಿನ ಎಣ್ಣೆ, ಎಲ್ಲವೂ ಗಟ್ಟಿಯಾಗಿ ಓದಿಸಿಕೊಂಡು, ಬೆಲೆಯ ವಿಷಯದಲ್ಲಿ ನಾಲ್ಕು ಮಾತಿನ ಚರ್ಚೆಗೆ ಒಳಗಾಗಿ, ಆಮೇಲೆ ಅಂಗಡಿಯ ದಾರಿ ಹಿಡಿಯುತ್ತವೆ. ಆದರೆ ಮೂತ್ರದ ಮೇಲಣ ಹಿಡಿತ ತಪ್ಪಿದ ಹಿರಿಯ ಜೀವವೊಂದು ಆ ಮನೆಯಲ್ಲಿದ್ದರೆ, ಅವರಿಗಾಗಿ ಕೊಳ್ಳಬೇಕಾದ ಡಯಾಪರಿನ ಹೆಸರು ಮಾತ್ರ ಆ ಚೀಟಿಗೆ ಏರುವುದಿಲ್ಲ. ಮಗನು ಕೆಲಸದಿಂದ ಮರಳುವಾಗ ಪರಿಚಯದವರು ಓಡಾಡದ ಬೀದಿಯ ಮೆಡಿಕಲ್ ಸ್ಟೋರನ್ನು ಆರಿಸಿಕೊಂಡು, ಪಕ್ಕದಲ್ಲಿ ನಿಂತವರು ಹೋಗುವವರೆಗೆ ಕಾದು, ತಗ್ಗಿದ ದನಿಯಲ್ಲಿ ಕೇಳಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಸಿ, ಕಪ್ಪು ಕವರಿನಲ್ಲಿ ತಂದು ಬೀರುವಿನ ಹಿಂದೆ ಇರಿಸುತ್ತಾನೆ. ಆ ಸಂಕೋಚದ ನಡುವೆ ಅಳತೆ ಯಾವುದು, ಒಂದಕ್ಕೆ ಎಷ್ಟು ಬಿತ್ತು, ಇದಕ್ಕಿಂತ ಕಡಿಮೆಯದು ಇದೆಯೆ ಎಂಬ ಪ್ರಶ್ನೆಗಳನ್ನು ಕೇಳುವಷ್ಟು ಅವಕಾಶವನ್ನು ಅವನು ತನಗೆ ತಾನೇ ಕೊಟ್ಟುಕೊಳ್ಳುವುದಿಲ್ಲ. ಮನೆಯ ಲೆಕ್ಕದಲ್ಲಿ ಮೊದಲ ನಷ್ಟ ಇಲ್ಲಿಯೇ, ನಾಚಿಕೆಯ ಬಾಬತ್ತಿನಲ್ಲಿಯೇ, ಸಂಭವಿಸುತ್ತದೆ.

ಲೆಕ್ಕವನ್ನು ಒಮ್ಮೆ ಮುಚ್ಚುಮರೆಯಿಲ್ಲದೆ ಬರೆದು ನೋಡೋಣ. ದೊಡ್ಡವರ ಡಯಾಪರು ಈಗ ಅಂಗಡಿಯಲ್ಲಿ ಒಂದಕ್ಕೆ ಸುಮಾರು 30 ರೂಪಾಯಿಯಿಂದ 60 ರೂಪಾಯಿಯವರೆಗೆ ಇದೆ. ನಡುವಣ ಬೆಲೆ 40 ಎಂದಿಟ್ಟುಕೊಂಡು, ಹಾಸಿಗೆ ಹಿಡಿದವರಿಗೆ ದಿನಕ್ಕೆ 4 ಬೇಕೆಂದು ಎಣಿಸಿದರೆ ದಿನಕ್ಕೆ 160, ತಿಂಗಳಿಗೆ 4,800 ರೂಪಾಯಿ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡ ವೃದ್ಧರಿಗೆ ದೊರೆಯುವ ಮಾಸಾಶನ 1,200 ರೂಪಾಯಿ; ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನೂ ಕೂಡಿಸಿ, ಎರಡನ್ನೂ ಹಾಗೆಯೇ ಎತ್ತಿ ಮೆಡಿಕಲ್ ಸ್ಟೋರಿಗೆ ಕೊಟ್ಟರೂ ಇನ್ನು 1,600 ರೂಪಾಯಿ ಸಾಲದಾಗುತ್ತದೆ. ಔಷಧ, ಆಹಾರ, ವೈದ್ಯರ ಬಳಿಗೆ ಹೋಗಿಬರುವ ಆಟೋ ಇವೆಲ್ಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಇಂಥ ಸ್ಥಿತಿಯಲ್ಲಿ ಮನೆಯವರು ಏನು ಮಾಡುತ್ತಾರೆ? ನಾಲ್ಕರ ಬದಲು ಎರಡನ್ನು ಬಳಸುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಡಯಾಪರಿನಲ್ಲಿ ಆ ಜೀವವನ್ನು ಮಲಗಿಸಿರುತ್ತಾರೆ. ಅವರು ನಿರ್ದಯರೆಂದು ಹೇಳಲು ನನ್ನ ನಾಲಿಗೆ ಏಳದು. ಆದರೆ ಖರ್ಚನ್ನು ಕಡಮೆ ಮಾಡುವ ಮಾರ್ಗಗಳು ಬೇರೆ ಕಡೆ ಹೇರಳವಾಗಿ ಇರುವಾಗ, ಯಾವ ಒಂದು ಕಡೆ ಕೈ ಬಿಗಿಹಿಡಿಯಕೂಡದೋ ಅಲ್ಲಿಯೇ ನಾವು ಬಿಗಿಹಿಡಿಯುತ್ತಿದ್ದೇವೆ ಎಂಬುದನ್ನು ವಿಸ್ತಾರವಾಗಿ ನಿವೇದಿಸುವುದು ಈ ಲೇಖನದ ಉದ್ದೇಶ.

ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗಬೇಕು. ವಯಸ್ಸಾದ ಮೇಲೆ ಇದೆಲ್ಲ ಸಹಜ, ಇದಕ್ಕೆ ಮದ್ದಿಲ್ಲ ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕಾರಣವನ್ನು ವಿಚಾರಿಸದೆಯೇ ವರ್ಷಗಟ್ಟಲೆ ಡಯಾಪರು ಕೊಂಡ ಮನೆಗಳುಂಟು. ನಿನ್ನೆ ಮೊನ್ನೆಯವರೆಗೆ ಸರಿಯಾಗಿದ್ದವರಿಗೆ ಥಟ್ಟನೆ ಈ ತೊಂದರೆ ಬಂದೊದಗಿದರೆ ಮೂತ್ರದ ಸೋಂಕು ಇರಬಹುದು. ಹೊಸದಾಗಿ ಆರಂಭಿಸಿದ ನೀರಿನ ಮಾತ್ರೆಯೋ ನಿದ್ರೆಯ ಮಾತ್ರೆಯೋ ಕಾರಣವಾಗಿರಬಹುದು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿರಬಹುದು. ಅಥವಾ, ಬಹಳ ಮಂದಿ ಊಹಿಸಲಾರದ ಸಂಗತಿ, ಐದಾರು ದಿನಗಳ ಮಲಬದ್ಧತೆಯೇ ಕಾರಣವಿರಬಹುದು, ಏಕೆಂದರೆ ತುಂಬಿದ ಮಲಾಶಯವು ಪಕ್ಕದ ಮೂತ್ರಾಶಯವನ್ನು ಒತ್ತುತ್ತದೆ. ಇವೆಲ್ಲವೂ ಪರಿಹಾರವುಳ್ಳವು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿಯನ್ನು ಒತ್ತಿದಾಗ ಮೂತ್ರಾಶಯ ಪೂರ್ತಿಯಾಗಿ ಖಾಲಿಯಾಗದೆ, ತುಂಬಿ ತುಳುಕಿದ್ದು ಮಾತ್ರ ಹನಿಹನಿಯಾಗಿ ಸೋರುತ್ತಿರುತ್ತದೆ. ಅದನ್ನು ಡಯಾಪರಿನಿಂದ ಮುಚ್ಚಿ ಸುಮ್ಮನಿರುವುದೆಂದರೆ ಮೂತ್ರಪಿಂಡಗಳಿಗೆ ಹಾನಿಯನ್ನು ಆಹ್ವಾನಿಸಿದಂತೆ. ಹೆಂಗಸರಲ್ಲಿ ಮೂರು ನಾಲ್ಕು ಹೆರಿಗೆಗಳ ಬಳಿಕ, ಬಾಣಂತನ ಮುಗಿಯುವ ಮುನ್ನವೇ ಕೊಡ ಎತ್ತಿದ ದೇಹಗಳಲ್ಲಿ, ಗರ್ಭಕೋಶ ಜಾರಿ ಮೂತ್ರದ ಕಟ್ಟು ಸಡಿಲವಾಗಿರುವುದು ಸರ್ವೇಸಾಮಾನ್ಯ. ಕೆಮ್ಮಿದರೆ, ಸೀನಿದರೆ, ನಕ್ಕರೆ ಸೋರುವ ಈ ಬಗೆಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದನು. ಒಂದು ಕಾಸಿನ ಖರ್ಚಿಲ್ಲದ ಆ ಅಭ್ಯಾಸವನ್ನು ಎರಡು ಮೂರು ತಿಂಗಳು ಬಿಡದೆ ನಡೆಸಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಲು ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಸಾಕು, ಆಶಾ ಕಾರ್ಯಕರ್ತೆಯೊಡನೆ ಮಾತೆತ್ತಿದರೆ ಸಾಕು. ಕೇಳುವವರಿಲ್ಲ ಎಂಬುದೇ ಕೊರತೆ.

ಸೋರಿಕೆಯ ಭಯಕ್ಕೆ ನಮ್ಮ ಹಿರಿಯರು ತಾವೇ ಕಂಡುಕೊಂಡಿರುವ ಉಪಾಯವೊಂದು ಇದೆ, ಮತ್ತು ಅದು ಅಪಾಯಕರವಾದುದು: ನೀರು ಕುಡಿಯುವುದನ್ನು ಬಿಟ್ಟುಬಿಡುವುದು. ಸೊಸೆಗೆ ತೊಂದರೆ ಕೊಡಬಾರದೆಂದು ಮಧ್ಯಾಹ್ನದ ಬಳಿಕ ಒಂದು ಲೋಟ ನೀರನ್ನೂ ಮುಟ್ಟದ ಅತ್ತೆಯರನ್ನು, ಮೊಮ್ಮಕ್ಕಳ ಎದುರು ಪಂಚೆ ಒದ್ದೆಯಾದೀತೆಂಬ ಅಂಜಿಕೆಯಿಂದ ಮಜ್ಜಿಗೆಯನ್ನು ನಿರಾಕರಿಸುವ ತಾತಂದಿರನ್ನು ನಾನು ಕಂಡಿದ್ದೇನೆ. ನೀರು ಕಡಮೆಯಾದಷ್ಟೂ ಮೂತ್ರ ಗಾಢವಾಗುತ್ತದೆ. ಗಾಢವಾದ ಮೂತ್ರ ಮೂತ್ರಾಶಯವನ್ನು ಕೆರಳಿಸಿ ಇನ್ನಷ್ಟು ಆತುರವನ್ನು ಹುಟ್ಟಿಸುತ್ತದೆ. ಮಲ ಗಟ್ಟಿಯಾಗುತ್ತದೆ, ಸೋಂಕು ಬರುತ್ತದೆ, ಬಟ್ಟೆಯಲ್ಲಿ ವಾಸನೆ ಹೆಚ್ಚುತ್ತದೆ. ಹಗಲು ಧಾರಾಳವಾಗಿ ಕುಡಿದು, ಸಂಜೆಯ ಕಾಫಿಯನ್ನು ಮೊದಲೇ ಮುಗಿಸಿ, ಮಲಗುವ ಮುನ್ನಿನ ಎರಡು ತಾಸು ಮಾತ್ರ ಮಿತವಾಗಿ ಕುಡಿಯುವುದು ಸರಿಯಾದ ಕ್ರಮ. ಕಾಲು ಬಾವು ಇರುವವರು ಸಂಜೆ ಒಂದು ತಾಸು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಒರಗಿದರೆ, ಕಾಲಿನಲ್ಲಿ ನಿಂತ ನೀರು ರಾತ್ರಿಯ ಬದಲು ಸಂಜೆಯೇ ಮೂತ್ರವಾಗಿ ಹೊರಟುಹೋಗುತ್ತದೆ. ನೀರಿನ ಮಾತ್ರೆಯ ಹೊತ್ತನ್ನು ಬೆಳಗ್ಗೆಗೆ ಬದಲಾಯಿಸಬಹುದೆ ಎಂದು ವೈದ್ಯರನ್ನು ಕೇಳಿದರೆ ರಾತ್ರಿಯ ಒಂದು ಡಯಾಪರೇ ಉಳಿದೀತು. ಹೃದಯದ, ಮೂತ್ರಪಿಂಡದ ರೋಗವಿರುವವರು ಎಷ್ಟು ನೀರು ಕುಡಿಯಬೇಕೆಂಬುದನ್ನು ವೈದ್ಯರೇ ನಿಶ್ಚಯಿಸತಕ್ಕದ್ದು.

ಇನ್ನು ಗಡಿಯಾರದ ವಿಷಯ. ಧಾರವಾಡದ ಕಡೆಯ, ನಾನು ಚೆನ್ನಾಗಿ ಬಲ್ಲ ಒಂದು ಮನೆಯಲ್ಲಿ, ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲು ಸೋತ ಅತ್ತೆಯನ್ನು ನೋಡಿಕೊಳ್ಳುವ ಸೊಸೆ, ಮೂರು ದಿನಗಳ ಕಾಲ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತ ಹೋದಳು: ಯಾವ ಹೊತ್ತಿಗೆ ಏನು ಕುಡಿದರು, ಯಾವ ಹೊತ್ತಿಗೆ ಬಟ್ಟೆ ಒದ್ದೆಯಾಯಿತು. ಮೂರನೆಯ ದಿನ ಆ ಹಾಳೆಯನ್ನು ನೋಡಿದರೆ ಅಲ್ಲಿ ಒಂದು ನಿಯಮವೇ ಗೋಚರಿಸಿತು. ಬೆಳಗಿನ ಚಹಾ ಆದ ಮುಕ್ಕಾಲು ತಾಸಿಗೆ ಒಮ್ಮೆ, ಹತ್ತೂವರೆಯ ಸುಮಾರಿಗೆ ಒಮ್ಮೆ, ಊಟವಾಗಿ ತಾಸು ಕಳೆದ ಮೇಲೆ ಒಮ್ಮೆ, ಸಂಜೆ ಎರಡು ಬಾರಿ. ಅಂದಿನಿಂದ ಆಕೆ ಆ ಹೊತ್ತಿಗೆ ಹತ್ತು ನಿಮಿಷ ಮೊದಲೇ ಮಂಚದ ಬಳಿ ಬಂದು, “ಅತ್ತೀ, ಹೊತ್ತಾತು, ಏಳ್ರಿ” ಎನ್ನುತ್ತಾಳೆ. “ಬಂದೆ ತಗೊಳವ್ವಾ, ಕೈ ಹಿಡಿ” ಎಂದು ಮುದುಕಿ ಬಲಗೈ ಚಾಚುತ್ತಾರೆ. ಮಂಚಕ್ಕೆ ಎರಡು ಹೆಜ್ಜೆ ದೂರದಲ್ಲಿ ಒಂದು ಕಮೋಡ್ ಕುರ್ಚಿ. ಅದನ್ನು ಅವರು ಅಂಗಡಿಯಲ್ಲಿ ಕೊಂಡದ್ದಲ್ಲ. ಮನೆಯಲ್ಲಿದ್ದ ಕೈಗಳುಳ್ಳ ಹಳೆಯ ಮರದ ಕುರ್ಚಿಯ ನಡುವೆ ಬಡಗಿಯಿಂದ ರಂಧ್ರ ಕೊರೆಯಿಸಿ, ಅಂಚನ್ನು ನುಣುಪಾಗಿ ಉಜ್ಜಿಸಿ, ಕೆಳಗೆ ಮುಚ್ಚಳವಿರುವ ಬಕೆಟ್ಟನ್ನು ಇಟ್ಟಿದ್ದಾರೆ. ಹಗಲಿನಲ್ಲಿ ಡಯಾಪರಿನ ಅವಶ್ಯಕತೆಯೇ ಆ ಮನೆಯಲ್ಲಿ ಬಹುಮಟ್ಟಿಗೆ ತಪ್ಪಿಹೋಯಿತು. ಅದಕ್ಕಿಂತಲೂ ಹೆಚ್ಚಿನ ಲಾಭವೊಂದು ಆಯಿತೆಂದು ನಾನು ಭಾವಿಸುತ್ತೇನೆ: ತನ್ನ ದೇಹದ ಮೇಲೆ ತನಗೆ ಇನ್ನೂ ಒಂದಿಷ್ಟು ಅಧಿಕಾರವಿದೆಯೆಂಬ ನಂಬಿಕೆ ಆ ವೃದ್ಧೆಗೆ ಮರಳಿತು, ಮತ್ತು ಸೊಸೆಯೊಡನೆ ಮುಖಕೊಟ್ಟು ಮಾತನಾಡುವುದಕ್ಕೆ ಅವರು ಮತ್ತೆ ತೊಡಗಿದರು.

ಮರೆವಿನ ಕಾಯಿಲೆಯವರಲ್ಲಿಯೂ ಇದು ಸಾಕಷ್ಟು ಮಟ್ಟಿಗೆ ಸಾಧ್ಯ. ಅವರಿಗೆ ಬಚ್ಚಲು ಎಲ್ಲಿದೆಯೆಂಬುದು ಮರೆತಿರುತ್ತದೆಯೇ ಹೊರತು ಒತ್ತಡದ ಅರಿವು ಪೂರ್ಣವಾಗಿ ಹೋಗಿರುವುದಿಲ್ಲ; ಚಡಪಡಿಸುವುದು, ಸೆರಗನ್ನು ಎಳೆದಾಡುವುದು, ಎದ್ದು ಓಡಾಡುವುದು ಇವೇ ಅವರ ಭಾಷೆ. ರಾತ್ರಿ ಬಚ್ಚಲಿನ ದೀಪ ಉರಿಯುತ್ತಿರಲಿ, ಬಾಗಿಲು ತೆರೆದಿರಲಿ, ಸೀರೆಯ ಬದಲು ನೈಟಿಯನ್ನೂ, ಪ್ಯಾಂಟಿನ ಬದಲು ಪಂಚೆ ಅಥವಾ ಲುಂಗಿಯನ್ನೂ ಉಡಿಸಿರಲಿ. ಗುಂಡಿ ಬಿಚ್ಚುವಷ್ಟರಲ್ಲಿ ಆಗಿಹೋಗುವ ಅನಾಹುತಗಳು ಕಡಮೆಯಲ್ಲ.

ಇಷ್ಟೆಲ್ಲ ಆದ ಮೇಲೂ ರಾತ್ರಿಯೊಂದು ಉಳಿಯುತ್ತದೆ. ಹಣವನ್ನು ಎಲ್ಲಿಯಾದರೂ ಧಾರಾಳವಾಗಿ ಖರ್ಚು ಮಾಡಬೇಕಾದರೆ ಇಲ್ಲಿ ಮಾಡಬೇಕು, ಏಕೆಂದರೆ ರಾತ್ರಿಯ ಒಂದು ಒಳ್ಳೆಯ ಡಯಾಪರು ಇಬ್ಬರ ನಿದ್ರೆಯನ್ನು ಕಾಯುತ್ತದೆ. ಅದರ ಒಳಗಿರುವ ಬಿಳಿಯ ಹರಳುಪುಡಿ ಒಂದು ಬಗೆಯ ಪಾಲಿಮರ್. ತನ್ನ ತೂಕದ ನೂರಾರು ಪಾಲು ಶುದ್ಧ ನೀರನ್ನು ಹೀರಿ ಅಂಟಿನಂತಾಗಬಲ್ಲ ಇಂಥ ದ್ರವ್ಯಗಳನ್ನು 1960–70ರ ದಶಕಗಳಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಹೊಲದ ಮಣ್ಣಿನಲ್ಲಿ ತೇವವನ್ನು ಹಿಡಿದಿಡುವ ಆಲೋಚನೆಯಿಂದ ಅಭ್ಯಸಿಸುತ್ತಿದ್ದರು. ಮೂತ್ರದಲ್ಲಿ ಲವಣವಿರುವುದರಿಂದ ಅದು ಅಷ್ಟು ಹೀರಲಾರದು. ಆದರೂ ಒಂದು ರಾತ್ರಿಗೆ ಸಾಕಾಗುವಷ್ಟು ಹೀರುತ್ತದೆ. ಕೊಳ್ಳುವಾಗ ನೋಡಬೇಕಾದ ಮೊದಲ ವಿಷಯ ಅಳತೆ. ದೊಡ್ಡದನ್ನು ಕೊಂಡರೆ ಹೆಚ್ಚು ಹೀರುತ್ತದೆಂಬುದು ತಪ್ಪು ಕಲ್ಪನೆ. ಸಡಿಲವಾದ ಡಯಾಪರು ತೊಡೆಯ ಸಂದಿನಲ್ಲಿ ಸೋರಿ, ಡಯಾಪರೂ ಹೋಗಿ ಹಾಸಿಗೆಯೂ ಹೋಗುತ್ತದೆ. ದರ್ಜಿಯ ಟೇಪಿನಿಂದ ಸೊಂಟವನ್ನೂ ನಿತಂಬವನ್ನೂ ಅಳೆದು, ಎರಡರಲ್ಲಿ ಹೆಚ್ಚಿರುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪೊಟ್ಟಣದ ಮೇಲಿನ ಅಂಕಿಗಳೊಡನೆ ಹೋಲಿಸಬೇಕು. ಮಲಗಿದವರಿಗೆ ಪಕ್ಕದಲ್ಲಿ ಅಂಟುಪಟ್ಟಿಯಿರುವ ಬಗೆ ಒಳ್ಳೆಯದು, ಅದು ಸಾಮಾನ್ಯವಾಗಿ ಅಗ್ಗವೂ ಹೌದು. ಚಡ್ಡಿಯಂತೆ ಎಳೆದುಕೊಳ್ಳುವ ಬಗೆ ನಡೆದಾಡುವವರಿಗೆ ಮಾತ್ರ ಬೇಕು. ಪೊಟ್ಟಣದ ಬೆಲೆಯನ್ನು ಒಳಗಿರುವ ಸಂಖ್ಯೆಯಿಂದ ಭಾಗಿಸಿ ಒಂದಕ್ಕೆ ಬಿದ್ದ ಬೆಲೆಯನ್ನೇ ಹೋಲಿಸಬೇಕು. ಹೊಸ ಕಂಪನಿಯದನ್ನು ಪರೀಕ್ಷಿಸುವುದಾದರೆ ಚಿಕ್ಕ ಪೊಟ್ಟಣ ಮೊದಲು, ಒಗ್ಗಿದರೆ ಮಾತ್ರ ಸಗಟು. ಜನೌಷಧಿ ಕೇಂದ್ರಗಳಲ್ಲಿಯೂ ದೊಡ್ಡವರ ಡಯಾಪರು ಮಾರಾಟಕ್ಕಿರುತ್ತದೆ. ದಾಸ್ತಾನು ಇದೆಯೆ ಎಂದು ಮೊದಲೇ ಕೇಳಿಕೊಂಡು ಹೋಗುವುದು ಲೇಸು.

ರಾತ್ರಿ ಸಾಲದೆಂದು ಒಂದರ ಮೇಲೊಂದು ಎರಡು ಡಯಾಪರು ತೊಡಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದರಿಂದ ಪ್ರಯೋಜನವಿಲ್ಲ, ಒಳಗಿನದರ ಹೊರಮೈ ಪ್ಲಾಸ್ಟಿಕ್ಕಾದ್ದರಿಂದ ಅದು ತುಂಬಿದ್ದು ಹೊರಗಿನದಕ್ಕೆ ಇಳಿಯದೆ ಪಕ್ಕದಿಂದಲೇ ಹರಿಯುತ್ತದೆ, ಮೈ ಮಾತ್ರ ಬೇಯುತ್ತದೆ. ಅದರ ಬದಲು ಒಳಗಡೆ ಮೃದುವಾದ ಹತ್ತಿಬಟ್ಟೆಯ ಮಡಿಕೆಯೊಂದನ್ನು ಇರಿಸಿ, ನಡುರಾತ್ರಿ ಆ ಮಡಿಕೆಯನ್ನಷ್ಟೇ ತೆಗೆದರೆ ಡಯಾಪರು ಬೆಳಗಿನವರೆಗೆ ಬಾಳುತ್ತದೆ. ಮಲ ತಗುಲಿದ ಡಯಾಪರನ್ನು ಮಾತ್ರ ಆ ಕ್ಷಣವೇ ಬದಲಾಯಿಸಬೇಕು. ಅಲ್ಲಿ ಲೆಕ್ಕಾಚಾರ ಸಲ್ಲದು.

ಬಟ್ಟೆಯ ಮಾತು ಬಂದಿತು. ಡಯಾಪರು ನಮ್ಮ ದೇಶಕ್ಕೆ ಬರುವ ಮುನ್ನ ನಮ್ಮ ಅಜ್ಜಿಯರು ಹಾಸಿಗೆ ಹಿಡಿದವರನ್ನು ನೋಡಿಕೊಂಡದ್ದು ಹಳೆಯ ಸೀರೆ ಪಂಚೆಗಳಿಂದಲೇ, ಮತ್ತು ಆ ವಿದ್ಯೆ ಇಂದಿಗೂ ನಿರರ್ಥಕವಾಗಿಲ್ಲ. ನೂರು ಸಲ ಒಗೆದ ಹತ್ತಿಯ ಸೀರೆಗಿಂತ ಮುದುಕರ ಚರ್ಮಕ್ಕೆ ಹಿತವಾದ ವಸ್ತು ಮತ್ತೊಂದಿಲ್ಲ. ಮೊದಲು ಹೇಳಿದ ಆ ಮನೆಯಲ್ಲಿ ಹಾಸಿಗೆಯ ಮೇಲೆ ಮೊದಲು ಒಂದು ರಬ್ಬರ್ ಶೀಟು, ಅದರ ಮೇಲೆ ಅಡ್ಡಲಾಗಿ, ಭುಜದಿಂದ ಮಂಡಿಯವರೆಗೆ ಬರುವಂತೆ, ಹಳೆಯ ಸೀರೆಗಳ ಪದರಗಳನ್ನು ಕೂಡಿಸಿ ಕೈಯಿಂದ ಹೊಲಿದ ಚಿಕ್ಕ ಕೌದಿ. ಇಂಥ ನಾಲ್ಕು ಕೌದಿಗಳನ್ನು ಓಣಿಯ ಹಿರಿಯಳೊಬ್ಬಳು ಹೊಲಿದುಕೊಟ್ಟಿದ್ದಾಳೆ. ಪೂರ್ಣ ಅಳತೆಯ ಕೌದಿ ಒದ್ದೆಯಾದರೆ ಎತ್ತಲಿಕ್ಕೂ ಭಾರ, ಒಣಗಲಿಕ್ಕೂ ಎರಡು ದಿನ. ಮೂರು ಪದರದ ಈ ಚಿಕ್ಕದು ಧಾರವಾಡದ ಬಿಸಿಲಿನಲ್ಲಿ ಮಧ್ಯಾಹ್ನದೊಳಗೆ ಒಣಗುತ್ತದೆ. ಅದರ ಎರಡು ಅಂಚುಗಳನ್ನು ಇಬ್ಬರು ಹಿಡಿದೆಳೆದರೆ ಮಲಗಿದವರನ್ನು ಮಗ್ಗುಲಾಗಿಸುವುದೂ ಸುಲಭ. ಸೊಂಟ ಹಿಡಿದುಕೊಂಡ ಸೊಸೆಯರಿಗೆ ಇದರ ಬೆಲೆ ತಿಳಿದೀತು. ಬಿಸಾಡುವ ಅಂಡರ್‌ಪ್ಯಾಡುಗಳನ್ನು ಪ್ರತಿದಿನವೂ ಕೊಳ್ಳುವುದರ ಬದಲು ಹೀಗೊಂದು ಏರ್ಪಾಟು ಮಾಡಿಕೊಂಡರೆ, ಮೊದಲ ತಿಂಗಳ ಕೆಲವು ನೂರು ರೂಪಾಯಿಗಳಲ್ಲಿ ವರ್ಷವೇ ಕಳೆಯುತ್ತದೆ.

ಆದರೆ ಬಟ್ಟೆಯು ಬಿಟ್ಟಿಯೆಂದು ಹೇಳುವವರ ಜತೆ ನಾನು ಸೇರಲಾರೆ. ಒಗೆಯುವ ನೀರಿಗೆ ಬೆಲೆಯುಂಟು, ಸೋಪಿನ ಪುಡಿಗೆ ಬೆಲೆಯುಂಟು, ಮತ್ತು ಯಾವ ಚೀಟಿಯಲ್ಲಿಯೂ ಕಾಣಿಸದ ಅತ್ಯಂತ ದೊಡ್ಡ ಬೆಲೆ ಒಗೆಯುವ ಹೆಣ್ಣಿನ ಶ್ರಮದ್ದು. ಟ್ಯಾಂಕರ್ ನೀರನ್ನು ಕೊಂಡು ಬದುಕುವ ಬೆಂಗಳೂರಿನ ಬಡಾವಣೆಗಳಲ್ಲಿ, ಮೂರು ತಿಂಗಳು ಬಿಸಿಲು ಕಾಣದ ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ, ಬಟ್ಟೆಯೊಂದನ್ನೇ ನಂಬುವುದು ಆಗದ ಮಾತು. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹೊಗೆ ಹಿಡಿದು ಅರೆಬರೆ ಒಣಗಿದ ಬಟ್ಟೆಯನ್ನು ತೊಡಿಸಿದರೆ ಶಿಲೀಂಧ್ರದ ಸೋಂಕು ತಪ್ಪದು. ಅದಕ್ಕಾಗಿ ಬಿಸಿಲಿನ ತಿಂಗಳುಗಳಲ್ಲಿ ಬಟ್ಟೆಯಿಂದ ಉಳಿಸಿದ ಹಣದಲ್ಲಿ ಮಳೆಗಾಲದ ಡಯಾಪರುಗಳನ್ನು ಮೊದಲೇ ಕೊಂಡಿಡುವುದು ವಿವೇಕ. ಒಗೆಯುವ ಕ್ರಮದಲ್ಲಿಯೂ ಎಚ್ಚರ ಬೇಕು: ಮೊದಲು ತಣ್ಣೀರಿನಲ್ಲಿ ಜಾಲಾಡಿ, ಬಳಿಕ ಸೋಪಿನ ಪುಡಿಯ ಜೊತೆ ಒಂದಿಷ್ಟು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಬಿಸಿಲಿಗೆ ಹರವಬೇಕು. ಬಟ್ಟೆಗೆ ಸುವಾಸನೆ ಬರಿಸುವ ದ್ರವಗಳನ್ನು ಹಾಕಿದರೆ ಹತ್ತಿಯ ಹೀರುವ ಶಕ್ತಿ ಕುಗ್ಗುತ್ತದೆ. ಮೂತ್ರದಿಂದ ಒದ್ದೆಯಾಗಿರುವ ಬಟ್ಟೆಯ ಮೇಲೆ ನೇರವಾಗಿ ಬ್ಲೀಚಿಂಗ್ ಪುಡಿಯನ್ನು ಸುರಿಯಕೂಡದು. ಅಮೋನಿಯದೊಡನೆ ಅದು ಸೇರಿದಾಗ ಏಳುವ ಅನಿಲ ಬಚ್ಚಲಿನಂಥ ಮುಚ್ಚಿದ ಸ್ಥಳದಲ್ಲಿ ಶ್ವಾಸಕೋಶಕ್ಕೆ ವಿಷ.

ಗಂಡಸರ ವಿಷಯದಲ್ಲಿ ಖರ್ಚು ಇನ್ನೂ ಕಡಮೆಯಾಗಬಲ್ಲುದು. ಕೈ ಆಡುವವರಿಗೆ ಮಂಚದ ಪಕ್ಕದಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ಕಿನ ಯೂರಿನ್ ಕ್ಯಾನ್ ಒಂದಿದ್ದರೆ ರಾತ್ರಿಯ ಅರ್ಧ ಸಮಸ್ಯೆ ತೀರುತ್ತದೆ. ಅದೂ ಆಗದವರಿಗೆ ಕಾಂಡೋಮ್ ಕ್ಯಾತಿಟರ್ ಎಂಬ ಹೊರಗಿನಿಂದ ತೊಡಿಸುವ ಕವಚ ಉಂಟು; ಅದರ ನಳಿಕೆಯನ್ನು ಕೆಳಗೆ ತೂಗುಹಾಕಿದ ಚೀಲಕ್ಕೆ ಜೋಡಿಸುತ್ತಾರೆ. ಸರಿಯಾದ ಅಳತೆಯದನ್ನು ನರ್ಸಿನಿಂದ ಒಮ್ಮೆ ಕೇಳಿ ಕಲಿತು ತೊಡಿಸಬೇಕು, ದಿನಕ್ಕೊಮ್ಮೆ ತೆಗೆದು ತೊಳೆದು ಚರ್ಮವನ್ನು ಪರೀಕ್ಷಿಸಬೇಕು, ಬಿಗಿಯಾಗಿ ಪಟ್ಟಿ ಸುತ್ತಕೂಡದು. ಒಳಗೆ ತೂರಿಸುವ ಕ್ಯಾತಿಟರನ್ನು ಮಾತ್ರ ಡಯಾಪರಿನ ಖರ್ಚು ಉಳಿಸುವುದಕ್ಕಾಗಿ ಹಾಕಿಸಿಕೊಳ್ಳುವುದು ಸರಿಯಲ್ಲ. ಅದು ಒಳಗಿದ್ದಷ್ಟು ದಿನವೂ ಸೋಂಕಿಗೆ ತೆರೆದ ದಾರಿ.

ಒಂದು ಕಡೆ ಕೈ ಬಿಗಿಹಿಡಿಯಕೂಡದೆಂದು ಮೊದಲು ಹೇಳಿದೆನಲ್ಲ, ಆ ಮಾತಿಗೆ ಈಗ ಬರುತ್ತೇನೆ. ಅದು ಚರ್ಮ. ಒದ್ದೆಯಲ್ಲಿ ಹೊತ್ತುಗಟ್ಟಲೆ ಇದ್ದ ಚರ್ಮ ಮೆತ್ತಗಾಗುತ್ತದೆ. ಮೂತ್ರದ ಯೂರಿಯವನ್ನು ಸೂಕ್ಷ್ಮಜೀವಿಗಳು ಅಮೋನಿಯವನ್ನಾಗಿ ಒಡೆದಾಗ ಚರ್ಮದ ಸಹಜವಾದ ಆಮ್ಲಗುಣ ಕಳೆದುಹೋಗುತ್ತದೆ. ಮಲವೂ ಸೇರಿದರೆ ಅದರೊಳಗಿನ ಜೀರ್ಣರಸಗಳು ಚರ್ಮವನ್ನೇ ತಿನ್ನತೊಡಗುತ್ತವೆ. ಮೊದಲ ದಿನ ಕೆಂಪು, ಮೂರನೆಯ ದಿನ ಉರಿ, ಆಮೇಲೆ ಸಿಪ್ಪೆಯೆದ್ದು ಹುಣ್ಣು, ಬೆನ್ನಿನ ಕೆಳಗಿನ ಎಲುಬಿನ ಮೇಲೆ ಭಾರ ಬಿದ್ದಲ್ಲಿ ಆ ಹುಣ್ಣು ಆಳಕ್ಕಿಳಿದರೆ ಅದನ್ನು ಮಾಯಿಸಲು ತಿಂಗಳುಗಳು ಬೇಕು. ದಿನಕ್ಕೆ ಒಂದು ಡಯಾಪರನ್ನು ಉಳಿಸಿ ತಿಂಗಳಿಗೆ 1,200 ರೂಪಾಯಿ ಮಿಗಿಸಿದ ಮನೆ, ಆ ಹುಣ್ಣಿನ ಡ್ರೆಸ್ಸಿಂಗಿಗೆ, ಆಂಟಿಬಯಾಟಿಕ್ಕಿಗೆ, ಆಸ್ಪತ್ರೆಗೆ ಕರೆದೊಯ್ಯುವ ವಾಹನಕ್ಕೆ ಅದರ ಎಷ್ಟೋ ಪಾಲನ್ನು ತೆರಬೇಕಾಗುತ್ತದೆ. ಆ ನೋವನ್ನು ಅನುಭವಿಸುವವರ ಪಾಡನ್ನು ಹಣದಲ್ಲಿ ಹೇಳಲು ಬರುವುದಿಲ್ಲ. ಕಾಪಾಡುವ ಕ್ರಮವೇನೋ ಸರಳವಾದುದು. ಪ್ರತಿ ಸಲ ಬದಲಾಯಿಸುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ, ಬಟ್ಟೆಯನ್ನು ಒತ್ತಿ ಒತ್ತಿ ತೇವವನ್ನು ತೆಗೆದು, ಐದು ನಿಮಿಷ ಗಾಳಿಯಾಡಲು ಬಿಟ್ಟು, ಪೆಟ್ರೋಲಿಯಂ ಜೆಲ್ಲಿಯನ್ನೋ ಜಿಂಕ್ ಆಕ್ಸೈಡಿನ ಮುಲಾಮನ್ನೋ ತೆಳುವಾಗಿ ಸವರುವುದು. ದಪ್ಪವಾಗಿ ಮೆತ್ತಿದರೆ ಅದು ಡಯಾಪರಿನ ಮೇಲ್ಪದರಕ್ಕೆ ಅಂಟಿ ಹೀರುವುದನ್ನೇ ತಡೆಯುತ್ತದೆ. ಸುವಾಸನೆಯ ಪೌಡರು ತೇವದಲ್ಲಿ ಗಂಟುಕಟ್ಟಿ ಉಜ್ಜುತ್ತದೆ, ಅದು ಬೇಡ. ಬೆಲೆಬಾಳುವ ಒದ್ದೆ ಒರೆಸುಕಾಗದಗಳೂ ಮನೆಯಲ್ಲಿ ಬೇಡ. ಮಲಗಿಯೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸುವುದು ಇದರ ಜೊತೆಗೆ ಸೇರಿದ ಕರ್ತವ್ಯ, ಅದು ಮನೆಯ ಹೆಂಗಸರ ಪಾಲಿಗೆ ಮಾತ್ರ ಬರೆದಿಟ್ಟದ್ದಲ್ಲ. ತಂದೆಯ ಡಯಾಪರನ್ನು ಮಗನು ಬದಲಾಯಿಸಲಿ. ತಾಯಿಯದನ್ನೂ ಬದಲಾಯಿಸಿದರೆ ಯಾವ ಧರ್ಮವೂ ಕೆಡುವುದಿಲ್ಲ.

ಬಳಸಿದ್ದನ್ನು ಎಲ್ಲಿ ಹಾಕಬೇಕು? ಶೌಚಾಲಯದ ಗುಂಡಿಗೆ ಎಂದೂ ಹಾಕಕೂಡದು. ಒಳಗಿನ ಹರಳು ನೀರು ಕುಡಿದು ಉಬ್ಬಿ ಕೊಳವೆಯನ್ನು ಕಟ್ಟಿಬಿಡುತ್ತದೆ. ಮಲವನ್ನು ಶೌಚಾಲಯಕ್ಕೆ ಉದುರಿಸಿ, ಡಯಾಪರನ್ನು ಒಳಮುಖವಾಗಿ ಸುರುಳಿ ಸುತ್ತಿ, ಅದರದೇ ಅಂಟುಪಟ್ಟಿಯಿಂದ ಬಿಗಿದು, ಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕೆಂಬುದು ಬೆಂಗಳೂರಿನಲ್ಲಿ ಕಸ ವಿಂಗಡಣೆಯ ಕ್ರಮ. ಹಸಿ ಕಸಕ್ಕೆ ಹಸಿರು ಬುಟ್ಟಿ, ಇಂಥದಕ್ಕೆ ಕೆಂಪು ಬುಟ್ಟಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸುತ್ತಿ ಕೊಡುವ ಹೊಣೆಯನ್ನು ಮನೆಯವರ ಮೇಲೂ, ಸುತ್ತಲು ಬೇಕಾದ ಚೀಲ ಒದಗಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸಿದವು. ತಯಾರಕರು ಕೊಡಲಿ ಬಿಡಲಿ, ಆ ಪೊಟ್ಟಣವನ್ನು ಬರಿಗೈಯಲ್ಲಿ ಬಿಚ್ಚಬೇಕಾಗಿ ಬರುವ ಪೌರಕಾರ್ಮಿಕಳ ನೆನಪು ನಮಗಿರಬೇಕು. ಹಳ್ಳಿಗಳಲ್ಲಿ ಹಿತ್ತಲಲ್ಲಿ ಸುಡುವ ರೂಢಿಯಿದೆ. ಪ್ಲಾಸ್ಟಿಕ್ಕಿನ ಆ ಹೊಗೆ ಮನೆಯವರ ಎದೆಗೇ ಸೇರುತ್ತದೆ. ಬಟ್ಟೆ ಬಳಸಲು ಅನುಕೂಲವಿರುವ ಹಳ್ಳಿಯ ಮನೆಗಳಲ್ಲಿ ಬಟ್ಟೆಗೇ ಪ್ರಾಶಸ್ತ್ಯ ಕೊಡಬೇಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಸರಕಾರದ ಕಡೆಯಿಂದ ಆಗಿರುವುದು ಸ್ವಲ್ಪ ಉಂಟು. ಸ್ಯಾನಿಟರಿ ನ್ಯಾಪ್‌ಕಿನ್ನಿನ ಮೇಲಿನ ಜಿಎಸ್‌ಟಿಯನ್ನು 2018ರ ಜುಲೈಯಲ್ಲಿ ಪೂರ್ತಿಯಾಗಿ ತೆಗೆದರು. ಹೆಣ್ಣುಮಕ್ಕಳು ನಾಡಿನಾದ್ಯಂತ ದನಿಯೆತ್ತಿದ್ದರ ಫಲ ಅದು. ಡಯಾಪರಿನ ಮೇಲಿನ 12 ಪ್ರತಿಶತ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ಪೂರ್ತಿ ತೆಗೆಯಲೇಕೆ ಆಗದು? ಹಾಸಿಗೆ ಹಿಡಿದವರು ಬೀದಿಗಿಳಿದು ಕೇಳಲಾರರು, ಅವರನ್ನು ನೋಡಿಕೊಳ್ಳುವವರಿಗೆ ಮನೆ ಬಿಟ್ಟು ಹೊರಡುವಷ್ಟು ಬಿಡುವಿಲ್ಲ. ಹೀಗಾಗಿ ಅವರ ಪರವಾಗಿ ಉಳಿದವರು ಕೇಳಬೇಕಾಗಿದೆ. ರಕ್ತದೊತ್ತಡದ ಮಾತ್ರೆಯನ್ನು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವಂತೆ, ಎದ್ದು ಓಡಾಡಲಾಗದವರಿಗೆ ತಿಂಗಳಿಗೆ ಇಷ್ಟು ಡಯಾಪರು, ಒಂದು ರಬ್ಬರ್ ಶೀಟು, ಒಂದು ಡಬ್ಬಿ ಜಿಂಕ್ ಮುಲಾಮು ಎಂದು ಕೊಡುವುದು ಔಷಧದ ಲೆಕ್ಕಕ್ಕೇ ಸೇರಬೇಕಾದುದು. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಗಾಲಿಕುರ್ಚಿ ಮುಂತಾದ ಸಾಧನಗಳನ್ನು ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ನಡೆದುಬಂದಿದೆ; ಯಾರನ್ನು ವಿಚಾರಿಸಬೇಕೆಂದು ತಿಳಿಯದವರು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಅದಕ್ಕೆ ಹಣ ಬೀಳುವುದಿಲ್ಲ.

ಕೊನೆಯದಾಗಿ ಒಂದು ಖರ್ಚಿನ ಪರವಾಗಿ ಮಾತನಾಡಬೇಕು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಧರ್ಮಸ್ಥಳಕ್ಕೆ, ಸವದತ್ತಿಗೆ, ತವರಿನ ಜಾತ್ರೆಗೆ ಎಷ್ಟೋ ಅಜ್ಜಿಯರು ಹೋಗಿಬಂದರು. ಆದರೆ ಬಸ್ಸಿನ ಸೀಟು ಒದ್ದೆಯಾದೀತೆಂಬ ಒಂದೇ ಭೀತಿಯಿಂದ ತಂಗಿಯ ಮೊಮ್ಮಗಳ ಮದುವೆಗೂ ಹೋಗದೆ, ಮಂಡಿನೋವೆಂದು ನೆಪ ಹೇಳಿ ಮನೆಯಲ್ಲಿ ಉಳಿದವರೂ ಇದ್ದಾರೆ. ತಿಂಗಳೆಲ್ಲ ಬಟ್ಟೆಯಲ್ಲಿ, ಗಡಿಯಾರದಲ್ಲಿ, ಅಳತೆಯ ಟೇಪಿನಲ್ಲಿ ಉಳಿಸಿದ ಹಣದಿಂದ ಎಳೆದುಕೊಳ್ಳುವ ಬಗೆಯ, ಕೊಂಚ ದುಬಾರಿಯಾದ ನಾಲ್ಕು ಡಯಾಪರುಗಳನ್ನು ಇಂಥ ದಿನಗಳಿಗೆಂದೇ ಬೇರೆ ತೆಗೆದಿಡಬೇಕು. ಹೊರಡುವ ಮುನ್ನ ಒಮ್ಮೆ ಬಚ್ಚಲಿಗೆ ಕರೆದೊಯ್ದು ಒಂದನ್ನು ತೊಡಿಸಿ, ಚೀಲದಲ್ಲಿ ಮತ್ತೊಂದು, ಬದಲಿ ಲಂಗ, ಹಳೆಯ ಟವೆಲು, ನೀರಿನ ಬಾಟಲಿ, ಬಳಸಿದ್ದನ್ನು ಕಟ್ಟಲು ಎರಡು ಕವರು ಹಾಕಿಕೊಂಡು, ಬಾಗಿಲಿಗೆ ಹತ್ತಿರದ ಸೀಟಿನಲ್ಲಿ ಕೂರಿಸಿ, ಬಸ್ಸು ಹತ್ತು ನಿಮಿಷ ನಿಲ್ಲುವ ನಿಲ್ದಾಣ ಯಾವುದೆಂದು ಕಂಡಕ್ಟರನ್ನು ಮೊದಲೇ ಕೇಳಿಕೊಂಡರೆ, ಮೂರು ತಾಸಿನ ದಾರಿ ನಿಶ್ಚಿಂತೆಯಿಂದ ಸಾಗುತ್ತದೆ. ಮದುವೆಯ ಮನೆಯಲ್ಲಿ ಇಳಿದೊಡನೆ ಬಚ್ಚಲು ಎಲ್ಲಿದೆಯೆಂದು ಕೇಳಿಟ್ಟುಕೊಳ್ಳುವುದು ಜೊತೆಗೆ ಹೋದವರ ಕೆಲಸ. ಅಕ್ಷತೆ ಹಾಕುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂರಬೇಕೋ ಹಿಂದಿನ ಸಾಲಿನಲ್ಲೋ ಎಂಬುದನ್ನು ಅಜ್ಜಿಯೇ ನಿರ್ಧರಿಸಿಕೊಳ್ಳುತ್ತಾರೆ.